ಕೊಳ್ಳುವವರೂ ಬಳಸುವವರೂ

ನೊಗವನ್ನು ಬಡಿಗನಿಗೆ ಹೇಳಿ ಮಾಡಿಸುವವನು ಒಕ್ಕಲಿಗ. ಅದನ್ನು ಹೆಗಲ ಮೇಲೆ ಹೊರುವದು ಎತ್ತು. ತೊಟ್ಟಿಲಿಗೆ ಹಣ ತೆರುವವನು ತಂದೆ. ಅದರಲ್ಲಿ ಮಲಗುವದು ಕೂಸು. ಎತ್ತಾಗಲಿ ಕೂಸಾಗಲಿ ಬಡಿಗನ ಕಟ್ಟೆಗೆ ಹೋಗಿ ಬೆಲೆಯ ಮಾತನ್ನಾಡಲಾರವು. ಆದರೆ ನೊಗವು ಹೆಗಲನ್ನು ಹುಣ್ಣು ಮಾಡಿದರೆ ಬಿತ್ತಿಗೆಯೇ ನಿಲ್ಲುವದೆಂಬುದನ್ನು ಬಲ್ಲ ಬಡಿಗನು, ಹಣ ಕೊಡುವವನ ಮಾತನ್ನು ಕೇಳಿದ ಮೇಲೆ ಎತ್ತಿನ ಹೆಗಲನ್ನೂ ಒಮ್ಮೆ ನೋಡಿ ಬರುವನು. ಕೊಳ್ಳುವವನು ಬೇರೆ, ಬಳಸುವವನು ಬೇರೆ ಎಂಬ ಈ ತಿಳಿವಳಿಕೆಯು ನಮ್ಮ ಕಸಬುದಾರರಿಗೆ ಹೊಸದಲ್ಲ.

ಇಂದಿನ ವ್ಯಾಪಾರಶಾಸ್ತ್ರವು ಇದನ್ನೇ ಒಂದು ತತ್ವವಾಗಿ ಬೋಧಿಸುತ್ತಿದೆ. ಕಂಪ್ಯೂಟರಿನ ತಂತ್ರಾಂಶಗಳನ್ನು ತಯಾರಿಸುವ ಕಂಪನಿಗಳಲ್ಲಿ, ಯಾವ ಸರಕನ್ನು ಯಾರಿಗಾಗಿ ಹೇಗೆ ಮಾಡತಕ್ಕದ್ದೆಂಬುದನ್ನು ಗೊತ್ತುಪಡಿಸುವದಕ್ಕೆ ‘ಪ್ರಾಡಕ್ಟ್ ಮ್ಯಾನೇಜರ್’ ಎಂಬ ಅಧಿಕಾರಿಯಿರುವನು. ಹಣ ಕೊಡುವ ‘ಕಸ್ಟಮರ್’ ಯಾರು, ಕೈಯಲ್ಲಿ ಹಿಡಿದು ಬಳಸುವ ‘ಯೂಜರ್’ ಯಾರು ಎಂಬುದನ್ನು ಬೇರ್ಪಡಿಸಿ ನೋಡುವದು ಅವನ ಮೊದಲ ಕೆಲಸ. ಗೂಗಲ್‌ನಲ್ಲಿ ಮಾಹಿತಿಯನ್ನು ಹುಡುಕುವವರು ಕಾಸು ಕೊಡುವದಿಲ್ಲ. ಆ ಕಂಪನಿಗೆ ಮುಖ್ಯ ಆದಾಯವನ್ನು ಕೊಡುವವರು ಜಾಹೀರಾತುದಾರರು. ಅಷ್ಟು ದೂರವೇಕೆ? ವೃತ್ತಪತ್ರಿಕೆಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಓದುವವರು ವಾಚಕರು, ಖರ್ಚಿನ ಬಹುಭಾಗವನ್ನು ಹೊರುವವರು ಜಾಹೀರಾತು ಕೊಡುವವರು. ಹಣವು ಬರುವ ಕಡೆಗೇ ಮುಖ ಮಾಡಿ ಕುಳಿತ ಪತ್ರಿಕೆಯು ಕ್ರಮೇಣ ವಾಚಕರನ್ನು ಕಳೆದುಕೊಳ್ಳುವದು. ವಾಚಕರು ಹೋದ ಬಳಿಕ ಜಾಹೀರಾತೂ ನಿಲ್ಲುವದು.

ಇದು ಬೆಂಗಳೂರಿನ ಕಂಪನಿಗಳಿಗಷ್ಟೇ ಸಂಬಂಧಿಸಿದ ಮಾತೆಂದು ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ವಾಚಕರು ಭಾವಿಸಕೂಡದು. ಈ ಭೇದವನ್ನು ಮರೆತುದರ ಫಲವನ್ನು ಈ ಸೀಮೆಯವರಷ್ಟು ಕಠೋರವಾಗಿ ಅನುಭವಿಸಿದವರು ವಿರಳ.

ಮಲಪ್ರಭಾ ನದಿಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಕಟ್ಟಿದ ಆಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿದು, ಕಾಲುವೆಯ ನೀರು ನಮ್ಮ ಎರೆಭೂಮಿಗೆ ಬಂದಿತು. ಈ ಮಹಾಕಾರ್ಯವನ್ನು ಮಾಡಿಸಿದವರು ಯಾರು? ಸರಕಾರದವರು. ಹಣ ಕೊಟ್ಟವರು? ಅವರೇ. ನಕ್ಷೆ ಬರೆದವರು, ಗುತ್ತಿಗೆ ಕೊಟ್ಟವರು, ಕೆಲಸವು ಮುಗಿಯಿತೆಂದು ಸಹಿ ಹಾಕಿದವರು, ಎಲ್ಲರೂ ಸರಕಾರದ ಕಡೆಯವರು. ಆದುದರಿಂದ ಕಾಲುವೆಯ ಗಿರಾಕಿ ಸರಕಾರ. ಬಳಕೆದಾರನಾದರೋ ಹೊಲದ ಬದುವಿನ ಮೇಲೆ ನಿಂತ ರೈತ. ಮಳೆಯನ್ನು ನಂಬಿ ಜೋಳ, ಗೋದಿ, ಹತ್ತಿಗಳನ್ನು ಬೆಳೆಯುತ್ತಿದ್ದ ಅವನಿಗೆ ಕಾಲುವೆಯ ನೀರಿನ ಬೇಸಾಯವು ಹೊಸದು. ಎರೆಮಣ್ಣು ನೀರನ್ನು ಬೇಗನೆ ಬಸಿದುಕೊಡುವ ಮಣ್ಣಲ್ಲ. ಬಸಿಗಾಲುವೆಗಳಿಲ್ಲದ ಕಡೆಗೆ ನೀರು ನಿಂತರೆ ಭೂಮಿಯು ಸವಳು-ಜವಳಾಗುವದು. ನೀರು ಎಷ್ಟು ದಿನಕ್ಕೊಮ್ಮೆ ಬೇಕು, ಯಾವ ಬೆಳೆಗೆ ಬೇಕು, ಕಾಲುವೆಯ ಕೊನೆಯ ಹೊಲಕ್ಕೆ ಅದು ಮುಟ್ಟುವದೋ ಇಲ್ಲವೋ ಎಂಬಿವೆಲ್ಲ ಬಳಸುವವನ ಪ್ರಶ್ನೆಗಳು. ಎಷ್ಟು ಮೈಲು ಕಾಲುವೆ ತೋಡಿದೆವು, ಎಷ್ಟು ಎಕರೆ ನೀರಾವರಿಯಾಯಿತು ಎಂಬುವು ಕೊಳ್ಳುವವನ ಪ್ರಶ್ನೆಗಳು. ಕಾಗದಗಳಲ್ಲಿ ಉತ್ತರ ದೊರೆತದ್ದು ಎರಡನೆಯ ಪ್ರಶ್ನೆಗಳಿಗೆ ಮಾತ್ರ.

ಅನಂತರ ಅಭಿವೃದ್ಧಿ ಕರದ ಬೇಡಿಕೆಯು ಬಂದಿತು. ಜನರು ಇದನ್ನು ‘ಬೆಟರ್‌ಮೆಂಟ್ ಲೆವಿ’ ಎಂದೇ ಬಲ್ಲರು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ, ಅದರಲ್ಲಿ ಒಂದು ಪಾಲನ್ನು ಒಡೆಯನು ಕೊಡಲಿ ಎಂಬುದು ಇದರ ತರ್ಕ. ತರ್ಕವು ಸಲ್ಲದ್ದೆಂದು ನಾವು ಹೇಳುವದಿಲ್ಲ. ಆದರೆ ಇದುವರೆಗೆ ಯಾವ ಮಾತನ್ನೂ ಕೇಳಿಸಿಕೊಳ್ಳದೆ ಬಿಟ್ಟ ಬಳಕೆದಾರನನ್ನು ಒಂದೇ ದಿನದಲ್ಲಿ ಗಿರಾಕಿಯನ್ನಾಗಿ ಮಾಡಿ, ಅವನ ಮುಂದೆ ಲೆಕ್ಕವನ್ನಿಟ್ಟಂತೆ ಆಯಿತು. ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಕರವನ್ನು ಕೇಳುತ್ತಿರುವರೆಂಬುದು ರೈತರ ಮುಖ್ಯವಾದ ದೂರು. ಹತ್ತಿಯ ಧಾರಣೆಯೂ ಆಗ ಇಳಿದಿತ್ತು. ಬೆಲೆಯನ್ನು ಕೊಡಬೇಕಾದವನಿಗೆ ಸರಕನ್ನು ಬೇಡವೆನ್ನುವ ಹಕ್ಕಿರಬೇಕಷ್ಟೆ. ಈ ಗಿರಾಕಿಗೆ ಆ ಹಕ್ಕೂ ಇರಲಿಲ್ಲ. 1980ರ ಜುಲೈ 21ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ನರಗುಂದ, ನವಲಗುಂದಗಳಲ್ಲಿ ಗಲಭೆಯಾಗಿ ಗೋಲೀಬಾರು ನಡೆಯಿತು. ರೈತರು ಸತ್ತರು, ನರಗುಂದದಲ್ಲಿ ಪೋಲೀಸರೂ ಸತ್ತರು. ಎರಡೂ ಕಡೆಯ ಮನೆಗಳಲ್ಲಿ ದೀಪವು ಆರಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ.

ಇದಾದ ಇಪ್ಪತ್ತು ವರ್ಷಗಳ ಮೇಲೆ, 2000ರಲ್ಲಿ, ಕರ್ನಾಟಕದ ನೀರಾವರಿ ಕಾಯದೆಗೆ ತಿದ್ದುಪಡಿಯನ್ನು ಮಾಡಿ ‘ನೀರು ಬಳಕೆದಾರರ ಸಹಕಾರ ಸಂಘ’ಗಳಿಗೆ ದಾರಿ ಮಾಡಿಕೊಟ್ಟರು. ಸಂಘವು ನೀರನ್ನು ಸಗಟಾಗಿ ಪಡೆದು ಸದಸ್ಯರಿಗೆ ಹಂಚಬೇಕು, ಕರವನ್ನು ಕೂಡಿಸಿ ಕಟ್ಟಬೇಕು. ಕೊಳ್ಳುವವನೂ ಬಳಸುವವನೂ ಒಬ್ಬನೇ ಆಗಲೆಂಬುದು ಇದರ ಆಶಯ. ಕಾಯದೆಯ ಬಾಯಲ್ಲಿ ‘ಬಳಕೆದಾರ’ ಎಂಬ ಶಬ್ದವು ಬಂದುದು ಸಣ್ಣ ಸಂಗತಿಯಲ್ಲ. ಆದರೆ ಬಳಕೆದಾರರೆಲ್ಲರೂ ಒಂದೇ ಎಂದು ತಿಳಿಯುವದೂ ತಪ್ಪು. ಕಾಲುವೆಯ ತಲೆಯಲ್ಲಿರುವವನು ಹೆಚ್ಚು ನೀರು ಬೇಡುವ ಬೆಳೆಯನ್ನಿಟ್ಟರೆ ಬಾಲದಲ್ಲಿರುವವನ ಹೊಲವು ಒಣಗುವದು. ಸಂಘದ ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವನು ಮೊದಲನೆಯವನಾದರೆ, ಎರಡನೆಯವನು ಮತ್ತೆ ಮೂಕ ಎತ್ತಿನಂತೆಯೇ ಉಳಿಯುವನು. ಇಂಥಲ್ಲಿ ಹಣ ಹಾಕಿದ ಸರಕಾರಕ್ಕೆ ಒಂದು ಕರ್ತವ್ಯವಿದೆ: ಸಭೆಗೆ ಬಾರದ ಬಳಕೆದಾರನ ಪರವಾಗಿ ಅದು ಮಾತನಾಡಬೇಕು.

ಇನ್ನು ಗಜೇಂದ್ರಗಡದ ಮಗ್ಗಗಳ ಕಡೆಗೆ ನೋಡೋಣ. ಈ ಸೀಮೆಯ ಪಟ್ಟೇದ ಅಂಚಿನ ಸೀರೆಯು ಚೌಕಳಿಯ ಮೈ, ಅಗಲವಾದ ಅಂಚು ಉಳ್ಳ ಹತ್ತಿಯ ಸೀರೆ. ಮದುವಣಗಿತ್ತಿಗೆ ಕೊಡುವದಕ್ಕೂ ಸವದತ್ತಿಯ ಎಲ್ಲಮ್ಮನಿಗೆ ಉಡಿಸುವದಕ್ಕೂ ಇದು ಬೇಕಾಗಿತ್ತು. ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಇದನ್ನು ಉಡುತ್ತಿದ್ದಳು. ಬಣ್ಣ ಬಿಟ್ಟರೆ, ಅಂಚು ಹರಿದರೆ, ಸಂತೆಯ ದಿನವೇ ಆ ದೂರು ನೇಕಾರನ ಕಿವಿಗೆ ಬೀಳುತ್ತಿತ್ತು. ನಡುವೆ ನೂಲು ಕೊಟ್ಟು ಮಜೂರಿ ಕೊಡುವ ಸಾವುಕಾರ, ಅವನಾಚೆ ಪೇಟೆಯ ಅಂಗಡಿಕಾರ, ಹೀಗೆ ಸಾಲು ಬೆಳೆದಂತೆಲ್ಲ ನೇಕಾರನ ಗಿರಾಕಿ ಸಾವುಕಾರನಾದನು; ಉಡುವವಳ ಮಾತು ಮಗ್ಗಕ್ಕೆ ಮುಟ್ಟದಾಯಿತು. ಯಂತ್ರದ ಸೀರೆಗಳ ಅಗ್ಗದ ಬೆಲೆಯೂ ಸೇರಿ ಪಟ್ಟೇದ ಅಂಚು ಮಗ್ಗದಿಂದ ಇಳಿದು ಹೋಗುವ ಕಾಲವೂ ಬಂದಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಮರಳಿ ಜೀವ ಪಡೆದಿರುವದು, ದೂರದ ಪಟ್ಟಣಗಳ ಹೆಣ್ಣುಮಕ್ಕಳು ಅದನ್ನು ಬೇಕೆಂದು ಕೇಳಿ ಉಡಲಾರಂಭಿಸಿದುದರಿಂದ. ಬಳಸುವವರ ಬೇಡಿಕೆಯು ಮಗ್ಗಕ್ಕೆ ತಿಳಿದೊಡನೆ ಮಗ್ಗವು ಮತ್ತೆ ಆಡಿತು.

ಕೊಳ್ಳುವವನು ದುಷ್ಟನೆಂದು ನಮ್ಮ ವಾದವಲ್ಲ. ಬಳಸುವವನಿಗೆ ಎಲ್ಲವೂ ಬೇಕೆನಿಸುವದು. ಬೊಕ್ಕಸದ ಮಿತಿಯನ್ನು ನೋಡುವವನು ಒಬ್ಬನಿರಲೇಬೇಕು. ನಾವು ಹೇಳುವದು ಇಷ್ಟೇ: ಇಬ್ಬರೂ ಬೇರೆಬೇರೆಯಾಗಿರುವಲ್ಲಿ, ಹಣವುಳ್ಳವನ ಮಾತು ತಾನಾಗಿ ಕೇಳಿಸುವದು, ಬಳಸುವವನ ಮಾತನ್ನು ಹೋಗಿ ಕೇಳಬೇಕಾಗುವದು. ನಮ್ಮ ಕಾಯದೆಯೂ ಇದನ್ನು ಅರಿತಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯದೆಯೂ, ಅದರ ಸ್ಥಾನದಲ್ಲಿ ಬಂದ 2019ರ ಕಾಯದೆಯೂ, ಹಣ ಕೊಟ್ಟು ಕೊಂಡವನ ಸಮ್ಮತಿಯಿಂದ ಸರಕನ್ನು ಬಳಸುವವನನ್ನೂ ಗ್ರಾಹಕನೆಂದೇ ಎಣಿಸುತ್ತವೆ. ಮರುಮಾರಾಟಕ್ಕಾಗಿ ಕೊಂಡವನನ್ನು ಹಾಗೆ ಎಣಿಸುವದಿಲ್ಲ.

ಈಗ ತಾಲೂಕಿನ ಕಚೇರಿಗಳಿಂದ ಹಂಚಲ್ಪಡುವ ಸಾಮಾನುಗಳನ್ನು ನೆನೆಯಿರಿ. ಶಾಲೆಯ ಸಮವಸ್ತ್ರವನ್ನು ಕೊಳ್ಳುವದು ಸರಕಾರ, ತೊಡುವದು ಹುಡುಗಿ. ಬೋರಿನ ಪಂಪನ್ನು ಕೊಳ್ಳುವದು ಪಂಚಾಯತಿ. ಅದರ ಮುಂದೆ ಕೊಡವನ್ನು ಹಿಡಿದು ನಿಲ್ಲುವದು ಹೆಣ್ಣುಮಗಳು. ವರದಿಯಲ್ಲಿ ಎಷ್ಟು ಹಂಚಿದೆವೆಂಬ ಅಂಕೆಯಿರುವದು. ವರ್ಷದ ಮೇಲೆ ಎಷ್ಟು ಬಳಕೆಯಲ್ಲಿವೆ ಎಂಬ ಅಂಕೆಯು ಅದರ ಪಕ್ಕದಲ್ಲಿ ಬರಲಿ. ಟೆಂಡರು ಕರೆಯುವ ಮೊದಲು ಹತ್ತು ಮಂದಿ ಬಳಸುವವರ ಕೈಗೆ ಮಾದರಿಯನ್ನು ಕೊಟ್ಟು ಒಂದು ತಿಂಗಳು ನೋಡಲಿ. ಬಿಲ್ಲಿನ ಮೇಲೆ ಸಹಿ ಮಾಡುವ ಅಧಿಕಾರಿಯು ಕಾಲುವೆಯ ಬಾಲದ ಹೊಲಕ್ಕೆ ವರ್ಷದಲ್ಲಿ ಒಮ್ಮೆಯಾದರೂ ಹೋಗಿ ಬರಲಿ. ಇದಕ್ಕೆ ಹೊಸ ಕಾಯದೆಯಾಗಲಿ ಹೆಚ್ಚಿನ ಹಣವಾಗಲಿ ಬೇಡ. ಬಡಿಗನು ಎತ್ತಿನ ಹೆಗಲನ್ನು ನೋಡಲು ನಡೆದಷ್ಟು ದೂರವನ್ನು ನಮ್ಮ ಅಧಿಕಾರಿಗಳೂ ನಡೆದರೆ ಸಾಕು.