ಚಿತ್ರಕ್ಕೆ ಮುಪ್ಪು ತರುವ ಬಗೆ

ಹಳೆಯ ಮನೆಗಳ ಗೋಡೆಯ ಮೇಲೆ ತೂಗುವ ಹಿರಿಯರ ಭಾವಚಿತ್ರಗಳನ್ನು ನೋಡದವರಾರು? ಕಪ್ಪು ಕಂದಾಗಿ, ಬಿಳುಪು ಹಳದಿಯಾಗಿ, ಅಂಚುಗಳು ಮಾಸಿರುವ ಆ ಚಿತ್ರಗಳಿಗೆ ಒಂದು ವಿಶೇಷವಾದ ಸೊಬಗುಂಟು. ನಿನ್ನೆ ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೂ ಗಣಕಯಂತ್ರದ ನೆರವಿನಿಂದ ಅದೇ ರೂಪವನ್ನು ಕೊಡಬಹುದು. ಆದರೆ ನಿಜವಾದ ಮುಪ್ಪು ಹೇಗೆ ಬರುತ್ತದೆಂಬುದನ್ನು ಅರಿಯದೆ ಮಾಡಿದ ಅನುಕರಣ ಬರಿಯ ಕಂದುಬಣ್ಣದ ಲೇಪವಾದೀತು. ಆದುದರಿಂದ ಮೊದಲು ರಸಾಯನಶಾಸ್ತ್ರದ ಕಡೆಗೆ ತಿರುಗೋಣ.

ಹಳೆಯ ಕಪ್ಪುಬಿಳುಪು ಛಾಯಾಚಿತ್ರದಲ್ಲಿ ಕಪ್ಪಾಗಿ ಕಾಣುವುದು ಮಸಿಯಲ್ಲ. ಜೆಲಟಿನ್ ಪೊರೆಯಲ್ಲಿ ಹುದುಗಿರುವ ಬೆಳ್ಳಿಯ ಅತಿಸೂಕ್ಷ್ಮ ಕಣಗಳು. ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಹೈಪೋ ದ್ರಾವಣವನ್ನು ಚೆನ್ನಾಗಿ ತೊಳೆಯದಿದ್ದರೆ, ಅದರಲ್ಲಿನ ಗಂಧಕವು ಕಾಲಕ್ರಮದಲ್ಲಿ ಬೆಳ್ಳಿಯೊಡನೆ ಸೇರಿ ಕಂದುಬಣ್ಣದ ಸಿಲ್ವರ್ ಸಲ್ಫೈಡ್ ಆಗುತ್ತದೆ. ಗಾಳಿಯ ಕಶ್ಮಲಗಳೂ ತೇವವೂ ಬೆಳ್ಳಿಯನ್ನು ಕೆಡಿಸುತ್ತವೆ. ಚೌಕಟ್ಟಿನೊಳಗಿನ ಚಿತ್ರವನ್ನು ಅವು ಅಂಚಿನ ಕಡೆಯಿಂದ ಪ್ರವೇಶಿಸುವುದರಿಂದ ಅಂಚೇ ಮೊದಲು ಮಾಸುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ‘ಸೀಪಿಯಾ’ ಎಂಬ ಕಂದುಬಣ್ಣವೆಲ್ಲ ಮುಪ್ಪಿನ ಫಲವಲ್ಲ. ಸಿಲ್ವರ್ ಸಲ್ಫೈಡು ಬರಿಯ ಬೆಳ್ಳಿಗಿಂತ ಹೆಚ್ಚು ಬಾಳಿಕೆ ಬರುವುದರಿಂದ ಛಾಯಾಗ್ರಾಹಕರೇ ಎಷ್ಟೋ ಬಾರಿ ಬೆಳ್ಳಿಯನ್ನು ಹಾಗೆ ಮಾರ್ಪಡಿಸುತ್ತಿದ್ದರು. ಮುಪ್ಪನ್ನು ತಡೆಯಲೆಂದು ಕೊಟ್ಟ ಬಣ್ಣವೇ ಇಂದು ಮುಪ್ಪಿನ ಗುರುತಾಗಿದೆ!

ಗಣಕಯಂತ್ರದ ಚಿತ್ರದಲ್ಲಿ ಬೆಳ್ಳಿಯಿಲ್ಲ, ಸಂಖ್ಯೆಗಳಿವೆ. ಪ್ರತಿಯೊಂದು ಬಿಂದುವಿನ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು ಸಾಮಾನ್ಯವಾಗಿ 0ಯಿಂದ 255ರವರೆಗಿನ ಮೂರು ಸಂಖ್ಯೆಗಳು ಸೂಚಿಸುತ್ತವೆ. ಈ ಸಂಖ್ಯೆಗಳನ್ನು ತಿದ್ದುವುದೇ ಮುಪ್ಪು ತರುವ ವಿದ್ಯೆ.

ಮೊದಲು ಬಣ್ಣವನ್ನು ತೆಗೆಯಬೇಕು. ಆದಿಕಾಲದ ಛಾಯಾಫಲಕಗಳು ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ಕೆಂಪು ಅವಕ್ಕೆ ಕತ್ತಲೆಯಂತೆಯೇ ಇತ್ತು. ಆದಕಾರಣ ನೀಲಿಯ ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡು ಬೂದುಬಣ್ಣದ ಚಿತ್ರವನ್ನು ಮಾಡಿದರೆ ಆಕಾಶ ಬೆಳ್ಳಗಾಗುತ್ತದೆ, ಹಣೆಯ ಕುಂಕುಮ ಕಪ್ಪಾಗುತ್ತದೆ. ಚಿತ್ರ 19ನೆಯ ಶತಮಾನಕ್ಕೆ ಸರಿಯುತ್ತದೆ. ಅನಂತರ ಕಡುಗಪ್ಪಿನ 0ಯನ್ನು ಸುಮಾರು 40ಕ್ಕೆ ಏರಿಸಿ, ಅಚ್ಚಬಿಳುಪಿನ 255ನ್ನು 230ಕ್ಕೆ ಇಳಿಸಿದರೆ ಚಿತ್ರ ಮಂಕಾಗುತ್ತದೆ. ಕೆಂಪನ್ನು ತುಸು ಹೆಚ್ಚಿಸಿ ನೀಲಿಯನ್ನು ತಗ್ಗಿಸಿದರೆ ಕಂದುಬಣ್ಣ ಮೂಡುತ್ತದೆ. ಅಂಚುಗಳನ್ನು ಮಾಸಲುಗೊಳಿಸಿ, ಹಳೆಯ ಕಾಗದವೊಂದರ ಚಿತ್ರವನ್ನು ತೆಳುವಾದ ಪದರವಾಗಿ ಮೇಲೆ ಹೊದಿಸಿದರೆ ಮಡಿಕೆಗಳೂ ಕಲೆಗಳೂ ಬಂದುಬಿಡುತ್ತವೆ.

1996ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಹೊರತಂದ ‘ಗಿಂಪ್’ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಸಿದ್ಧ ಸಾಧನವಿದೆ. ಮೂಲವನ್ನು ಬಿಟ್ಟು ಅದರ ಪ್ರತಿಯ ಮೇಲೆ ಕೆಲಸ ಮಾಡುವ ಆಯ್ಕೆಯೂ ಅದರಲ್ಲಿದೆ. ಈ ಆಯ್ಕೆಯನ್ನು ಅಲಕ್ಷಿಸಬಾರದು. ಮೂರು ಸಂಖ್ಯೆಗಳನ್ನು ಒಂದಾಗಿಸಿ ಕಡತವನ್ನು ಉಳಿಸಿದ ಮೇಲೆ, ಆ ಒಂದರಿಂದ ಮೊದಲಿನ ಮೂರನ್ನು ಮರಳಿ ಪಡೆಯುವ ಗಣಿತ ಯಾವುದೂ ಇಲ್ಲ. ತಾಯಿಯ ಸೀರೆ ಹಸುರಾಗಿತ್ತೋ ಕೆಂಪಾಗಿತ್ತೋ ಎಂಬುದು ಆ ಕ್ಷಣವೇ ಅಳಿದುಹೋಗುತ್ತದೆ. ಬೆಳ್ಳಿಯ ಚಿತ್ರ ಕೆಡಲು ದಶಕಗಳು ಬೇಕಾದವು. ಇಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಸಾಕು.

ಛಾಯಾಚಿತ್ರವೆಂಬುದು ಸಾಕ್ಷಿಯೂ ಹೌದು. ಮುಂದಿನವರು ನಮ್ಮ ಕಾಲವನ್ನು ಅರಿಯಲು ಈ ಚಿತ್ರಗಳನ್ನೇ ನೋಡಬೇಕು. ಆದ್ದರಿಂದ ಮೂಲವನ್ನು ದಿನಾಂಕಸಹಿತ ಜೋಪಾನಮಾಡಿ, ಮುಪ್ಪು ತಂದ ಪ್ರತಿಯ ಕೆಳಗೆ ಅದು ಕೃತಕವೆಂದು ಬರೆದಿಡುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ನಡತೆ.