ಖಾಕಿ ಸಮವಸ್ತ್ರವೂ ನಮ್ಮ ಮನೆಯ ಮಕ್ಕಳೂ

ಮದ್ದೂರು ಸಮೀಪದ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧವನ್ನು ಮೀರಿ ಧ್ವಜವೇರಿತು. ಪೊಲೀಸರು ಮುಖಂಡರನ್ನು ಬಂಧಿಸಿದರು. ಬಂಧಿಸಿದವರೂ ಬಂಧಿತರಾದವರೂ ಒಂದೇ ಸಂಸ್ಥಾನದ ಪ್ರಜೆಗಳು. ಕಾನೂನನ್ನು ಕಾಯುವ ಕೈ ಯಾರ ಮನೆಯದು ಎಂಬ ಪ್ರಶ್ನೆ ಇಂತಹ ದಿನಗಳಲ್ಲಿಯೇ ತೀಕ್ಷ್ಣವಾಗುತ್ತದೆ.

ಈ ಪ್ರಶ್ನೆಯನ್ನು ಮೈಸೂರು ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಎದುರಿಸಿತ್ತು. ಸರಕಾರಿ ಸೇವೆಯು ಕೆಲವರ ಪಾಲಾಗಿದೆಯೆಂಬ ದೂರನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಕ್ಷತೆ ಕುಂದೀತೆಂಬುದು ದಿವಾನ್ ವಿಶ್ವೇಶ್ವರಯ್ಯನವರ ಆತಂಕವಾಗಿತ್ತು; ಅವರು ಪದವಿಯನ್ನೇ ತೊರೆದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂದು ಸಮಿತಿ ಹೇಳಿತು. ಸಹಾನುಭೂತಿ, ಪ್ರಾಮಾಣಿಕತೆ, ವ್ಯವಹಾರಜ್ಞಾನಗಳೂ ಅಧಿಕಾರಿಯ ದಕ್ಷತೆಯ ಅಂಗಗಳೆಂದು ಅದು ವಾದಿಸಿತು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಿಗೆ ಆ ಮಾತಿನ ಬೆಲೆ ತಿಳಿದೀತು.

ಆದರೆ ಮೇಲಿನ ಹುದ್ದೆಗೆ ಬೇಕಾದ ಅನುಭವವನ್ನು ಎಲ್ಲಿಂದ ತರುವುದು? ಇಂದು ಸೇರಿದ ಪೇದೆ ಹಿರಿಯ ಅಧಿಕಾರಿಯಾಗಲು ಒಂದು ತಲೆಮಾರು ಸಾಲದು. ಈ ತೊಡಕನ್ನು ನೇರವಾಗಿ ಎದುರಿಸಿದ್ದು ನಮ್ಮಿಂದ ಬಹುದೂರದ ಉತ್ತರ ಐರ್ಲೆಂಡ್.

ಅಲ್ಲಿ ಜನಸಂಖ್ಯೆಯ ಶೇಕಡ 40ಕ್ಕಿಂತ ಹೆಚ್ಚು ಮಂದಿ ಕಥೋಲಿಕರಾಗಿದ್ದರೂ, 1999ರಲ್ಲಿ ಪೊಲೀಸ್ ದಳದಲ್ಲಿ ಅವರ ಪಾಲು ಶೇಕಡ 8ರ ಆಸುಪಾಸು. 1998ರ ಶುಭ ಶುಕ್ರವಾರದ ಒಪ್ಪಂದದ ಬಳಿಕ ಕ್ರಿಸ್ ಪ್ಯಾಟನ್ ಆಯೋಗವು ಎರಡು ದಾರಿ ತೋರಿಸಿತು. ಹೊಸಬರ ನೇಮಕದಲ್ಲಿ ಅರ್ಧದಷ್ಟು ಕಥೋಲಿಕರಿರಬೇಕು. ಐರ್ಲೆಂಡ್ ಗಣರಾಜ್ಯದಲ್ಲೂ ಬ್ರಿಟನ್ನಿನಲ್ಲೂ ಆಗಲೇ ಪೊಲೀಸರಾಗಿರುವ ಅನುಭವಿ ಕಥೋಲಿಕರನ್ನು ಅವರ ದರ್ಜೆಗೆ ತಕ್ಕಂತೆ ಕರೆತರಬೇಕು. ಎರಡನೆಯದಕ್ಕಾಗಿ 2002ರಲ್ಲಿ ಎರಡು ಸರಕಾರಗಳ ನಡುವೆ ಒಪ್ಪಂದವೂ ಆಯಿತು. ಆದರೂ ಬದಲಾವಣೆ ತಂದದ್ದು ಹೆಚ್ಚಾಗಿ ಮೊದಲನೆಯ ದಾರಿಯೇ. 2011ರಲ್ಲಿ ಅದನ್ನು ನಿಲ್ಲಿಸುವ ವೇಳೆಗೆ ಕಥೋಲಿಕರ ಪಾಲು ಶೇಕಡ 30ರ ಸನಿಹ ಬಂದಿತ್ತು.

ಅನುಭವಿಗಳು ಗುಂಪಾಗಿ ಬಾರದಿದ್ದುದು ಅಚ್ಚರಿಯೇನಲ್ಲ. ಹಿಂಸಾಚಾರದ ಮೂರು ದಶಕಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪೊಲೀಸರು ಹತರಾದ ನಾಡಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮರಳುವುದು ಸುಲಭವೇ? ಹೊಸಬರಿಗೂ ಮನೆಯವರ ಸಮ್ಮತಿ ಬೇಕಿತ್ತು. 2001ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರು ಹೊಸ ದಳಕ್ಕೆ ಬೆಂಬಲ ಸೂಚಿಸಿದರು. ಪೊಲೀಸರಿಗೆ ಸದಸ್ಯತ್ವ ನಿರಾಕರಿಸುತ್ತಿದ್ದ ಗೇಲಿಕ್ ಕ್ರೀಡಾ ಸಂಘ ಆ ನಿಯಮವನ್ನು ಅದೇ ವರ್ಷ ಕೈಬಿಟ್ಟಿತು. 2011ರ ಏಪ್ರಿಲ್‌ನಲ್ಲಿ ಓಮಾ ಪಟ್ಟಣದಲ್ಲಿ ರೊನಾನ್ ಕೆರ್ ಎಂಬ 25ರ ಹರೆಯದ ಕಥೋಲಿಕ ಪೇದೆ ಕಾರುಬಾಂಬಿಗೆ ಬಲಿಯಾದಾಗ, ಕಥೋಲಿಕ ಯುವಕರು ಹಿಂಜರಿಯಬಾರದೆಂದು ಬೇಡಿಕೊಂಡವರು ಅವನ ತಾಯಿಯೇ. ಆಯೋಗದ ವರದಿಯ ಯಾವ ಪುಟಕ್ಕಿಂತಲೂ ಆ ತಾಯಿಯ ಮಾತು ತೂಕವುಳ್ಳದ್ದೆಂದು ನನ್ನ ಎಣಿಕೆ.

ನಮ್ಮಲ್ಲಿ ದೇವರ ದಯೆಯಿಂದ ಅಂತಹ ಭಯವಿಲ್ಲ. ಹೊರಗಿನಿಂದ ಅಧಿಕಾರಿಗಳನ್ನು ಕರೆತರುವ ಯೋಜನೆಯೂ ಇಲ್ಲ. ಕರ್ನಾಟಕದ ಮೀಸಲಾತಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿಯೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿಯೂ ಇದ್ದಾರೆ. ಆದರೆ ನಮ್ಮ ಹೆಣ್ಣುಮಕ್ಕಳನ್ನು ದಾದಿಯರಾಗಲು, ಗಂಡುಮಕ್ಕಳನ್ನು ಉಪಾಧ್ಯಾಯರಾಗಲು ಹರಸಿ ಕಳುಹಿಸುವ ಹಿರಿಯರು, ಪೊಲೀಸ್ ಎಂದೊಡನೆ ಮುಖ ತಿರುಗಿಸುವುದುಂಟು. ಲಂಚ, ಬೈಗುಳ, ಹೊತ್ತುಗೊತ್ತಿಲ್ಲದ ದುಡಿಮೆ ಎಂಬ ಅವರ ಕಾರಣಗಳು ಸುಳ್ಳಲ್ಲ. ಆದರೆ ಮುಂದೊಮ್ಮೆ ನಮ್ಮವರೊಬ್ಬರು ಡಿವೈಎಸ್ಪಿ ಕುರ್ಚಿಯಲ್ಲಿ ಏಕಿಲ್ಲವೆಂದು ಕೇಳುವ ಹಕ್ಕು, ಇಂದು ಮಗನನ್ನೋ ಮಗಳನ್ನೋ ತಡೆದ ಮನೆಗೆ ಎಷ್ಟಿದ್ದೀತು?

ನಾಗರಿಕ ಪೇದೆ ಹುದ್ದೆಗೆ ಪಿಯುಸಿ, ಸಬ್‌ಇನ್ಸ್‌ಪೆಕ್ಟರ್ ಹುದ್ದೆಗೆ ಪದವಿ ಬೇಕು. ದೇಹದಾರ್ಢ್ಯ ಪರೀಕ್ಷೆಯ ಓಟಕ್ಕೆ ತಿಂಗಳುಗಟ್ಟಲೆ ಅಭ್ಯಾಸವಿರಬೇಕು. ಅಧಿಸೂಚನೆ ಹೊರಟ ಮೇಲೆ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆದು ಗಡುವು ತಪ್ಪಿಸಿಕೊಳ್ಳುವ ಬದಲು, ಮದ್ದೂರು, ಮಳವಳ್ಳಿ ಕಡೆಯ ಯುವಜನರು ಅದನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳಿತು.