ಲಕ್ವ ಹೊಡೆದವರಿಗೆ ನೀರು ಕುಡಿಸುವ ಮುನ್ನ

ಲಕ್ವ ಹೊಡೆದು ಆಸ್ಪತ್ರೆಯಲ್ಲಿ ಮಲಗಿರುವ ಅಬ್ಬಾನ ಬಾಯಿಗೆ ಪ್ರೀತಿಯಿಂದ ಝಮ್‌ಝಮ್ ನೀರೋ ಜೇನೋ ಹಾಕಲು ಹೋಗುತ್ತೀರಿ. ಸ್ವಲ್ಪ ತಡೆಯಿರಿ. ನಾಲಿಗೆ, ಗಂಟಲಿನ ಸ್ನಾಯು ಸೋತಿದ್ದರೆ ಅದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಲ್ಲರಿಗೂ ಕೆಮ್ಮು ಬರುವುದಿಲ್ಲ. ಕೆಲವರಿಗೆ ಗಂಟಲಲ್ಲಿ ನೀರು ನಿಂತಂತೆ ದನಿ ಗೊರಗೊರ ಎನ್ನುತ್ತದೆ, ಅಷ್ಟೇ.

ಇದನ್ನು ಪರೀಕ್ಷಿಸುವವರು ಸ್ಪೀಚ್ ಥೆರಪಿಸ್ಟ್. ಅವರಿರುವುದು ತೊದಲುವ ಮಕ್ಕಳಿಗೆ ಮಾತ್ರ ಎಂಬ ಭಾವನೆ ನಾವು ವೈದ್ಯರಲ್ಲೂ ಇದೆ. ಯುನಾನಿ ಓದಿದ ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಗಂಜಿ ಯಾವ ಹದಕ್ಕಿರಬೇಕು, ಒಮ್ಮೆಗೆ ಎಷ್ಟು ಗುಟುಕು, ತಲೆ ಹೇಗಿಡಬೇಕು ಎಂದು ಹೇಳಿಕೊಡುವವರು ಅವರೇ. ನಿಂತುಹೋದ ಮಾತನ್ನು ಮತ್ತೆ ರೂಢಿಸುವುದೂ ಅವರ ಕೆಲಸ.

ಹರದನಹಳ್ಳಿಯ ಕಡೆಯಿಂದ ಕಿವಿ ಕೇಳದ ಮಕ್ಕಳನ್ನು ಮೈಸೂರಿನ ಮಾನಸಗಂಗೋತ್ರಿಗೆ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುತ್ತೇವೆ. ಲಕ್ವ ಹೊಡೆದ ಹಿರಿಯರನ್ನೂ ತೋರಿಸಬಹುದೆಂದು ಹೊಳೆಯುವುದೇ ಇಲ್ಲ. ಆದರೆ ಅಷ್ಟು ದಿನ ಕಾಯಬೇಡಿ. ವಾರ್ಡಿನಲ್ಲಿರುವಾಗಲೇ ಕೇಳಿ: "ಡಾಕ್ಟ್ರೇ, ಇವರಿಗೆ ನುಂಗಲು ಆಗುತ್ತದೆಯೇ ಎಂದು ಪರೀಕ್ಷೆ ಆಗಿದೆಯಾ? ಸ್ಪೀಚ್ ಥೆರಪಿಸ್ಟ್‌ಗೆ ಚೀಟಿ ಬರೆದುಕೊಡುತ್ತೀರಾ?" ಅಲ್ಲಿಯವರೆಗೆ ವೈದ್ಯರು ಹೇಳದೆ ಬಾಯಿಗೆ ಏನೂ ಹಾಕಬೇಡಿ. ಒದ್ದೆ ಹತ್ತಿಯಿಂದ ತುಟಿ ಒರೆಸಿ, ಹಲ್ಲು, ನಾಲಿಗೆ ಶುಚಿಯಾಗಿಡಿ.